ಬೋರಲು ಹಾಕಿದ ಪುಟ

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಕನ್ನಡ ಎಂ.ಎ.ಗೆ ಸೇರಿದೆ. ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ ಕುಕ್ಕರಿನ ಸೀಟಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಒಬ್ಬಳ ಅನ್ನಕ್ಕೆ ಎರಡು ಸೀಟಿ, ಆಮೇಲೆ ಅದೂ ಇಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಐಚ್ಛಿಕ ಪತ್ರಿಕೆಯೊಂದಿತ್ತು: ಸಾಹಿತ್ಯದಲ್ಲಿ ಭಯ, ಜುಗುಪ್ಸೆ, ಹಿಂಸೆ. ಮಾರ್ಕ್ಸು ಸುಲಭವಾಗಿ ಬರುತ್ತದೆಂದು ಮಿಕ್ಕವರೆಲ್ಲ ಜಾನಪದಕ್ಕೆ ಹೋದರು. ಇದಕ್ಕೆ ಉಳಿದವರು ಆರು ಜನ. ನಾನು ಇದನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಅಮ್ಮನ ವಿಷಯದಲ್ಲಿ ಒಂದು ಮಾತನ್ನು ಯಾರಿಗಾದರೂ ಹೇಳಬೇಕಿತ್ತು. ಹೇಳಲು ಬೇಕಾದ ಭಾಷೆ ಇಲ್ಲಿ ಸಿಗಬಹುದು, ಕೇಳುವವರೂ ಸಿಗಬಹುದು ಅಂದುಕೊಂಡಿದ್ದೆ.

ಶಿವಾಜಿನಗರದ ಹತ್ತಿರದ ಕಾಲೇಜು, ಮಧ್ಯಾಹ್ನದ ತರಗತಿ. ಮೇಡಂ ನನಗಿಂತ ಹತ್ತು ವರ್ಷ ಚಿಕ್ಕವರು. ಮೊದಲ ದಿನವೇ ಒಂದು ನಿಯಮ ಮಾಡಿದರು. ಕಥೆಯನ್ನು ಸರದಿಯ ಮೇಲೆ ಜೋರಾಗಿ ಓದುವುದು. ಯಾರಿಗೆ ಸಹಿಸಲಾಗುವುದಿಲ್ಲವೋ ಅವರು ತಮ್ಮ ಜೆರಾಕ್ಸ್ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಬೇಕು. ಓದುವವರು ಅಲ್ಲಿಗೇ ನಿಲ್ಲಿಸಬೇಕು. ಯಾಕೆ ಎಂದು ಯಾರೂ ಕೇಳಬಾರದು, ಆಗಲೂ, ಆಮೇಲೂ.

ಎಲ್ಲರ ಹಾಳೆಯೂ ಒಂದಲ್ಲ ಒಂದು ದಿನ ಬೋರಲಾಯಿತು. ಕಲಬುರಗಿ ಕಡೆಯ ಹುಡುಗಿಯೊಬ್ಬಳಿದ್ದಳು. ಅವಳ ಅಪ್ಪ ಅಮ್ಮ ಹಲಸೂರಿನಲ್ಲಿ ಒಂದು ಕೋಣೆ ಹಿಡಿದು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಕಥೆಯಲ್ಲಿ ಯಾರಾದರೂ ಬೆಲ್ಟಿಗೆ ಕೈ ಹಾಕಿದರೆ ಸಾಕು, ಅವಳ ಹಾಳೆ ಮಗುಚಿಕೊಳ್ಳುತ್ತಿತ್ತು. ನನ್ನದು ಮಾತ್ರ ಅಲುಗುತ್ತಿರಲಿಲ್ಲ. ಒಬ್ಬ ಹುಡುಗ ಕೇಳಿದ್ದ, “ಆಂಟಿ, ಊಟ ಆದ್ಮೇಲೆ ಇದನ್ನೆಲ್ಲ ಹೆಂಗೆ ಓದ್ತೀರಾ?”

“ಊಟ ಮಾಡ್ತಾನೇ ಓದ್ತೀನಿ ಕಣಪ್ಪ,” ಅಂದೆ. ಎಲ್ಲರೂ ನಕ್ಕರು. ಅದು ಸುಳ್ಳೇನಲ್ಲ.

ಹುಳು ಬಿದ್ದ ಗಾಯದ ವರ್ಣನೆ ಬಂದ ದಿನ ಮೂರು ಹಾಳೆಗಳು ಬೋರಲಾದವು. ಗಾಯದ ವಾಸನೆ ಬರೀ ಕೊಳೆತ ವಾಸನೆಯಲ್ಲ, ಅದರಲ್ಲಿ ಸ್ವಲ್ಪ ಸಿಹಿ ಇರುತ್ತದೆ, ಬರೆದವರಿಗೆ ಅದು ಗೊತ್ತಿಲ್ಲ ಎಂದೆ ನಾನು. ಮೇಡಂ ಅದನ್ನು ಬರೆದುಕೊಂಡರು. ಅಂದಿನಿಂದ ಎಲ್ಲರೂ ನನ್ನನ್ನು ಗಟ್ಟಿ ಜೀವ ಎಂದೇ ಎಣಿಸಿದರು. ಗಟ್ಟಿ ಜೀವಕ್ಕೆ ಹೇಳಿಕೊಳ್ಳುವುದೇನಿರುತ್ತದೆ? ಪಾಠ ಮುಗಿಸಿ ರಸೆಲ್ ಮಾರುಕಟ್ಟೆಯಲ್ಲಿ ಸೊಪ್ಪು ಕೊಂಡು, ಬಸ್ಸು ಹತ್ತಿ, ಒಬ್ಬಳೇ ಮನೆಗೆ ಬರುತ್ತಿದ್ದೆ.

ಮಾರ್ಚಿನಲ್ಲಿ ಒಂದು ಸಾಧಾರಣ ಕಥೆ ಬಂತು. ರಕ್ತವಿಲ್ಲ, ಹೆಣವಿಲ್ಲ. ಕಾಯಿಲೆ ಬಿದ್ದ ಅತ್ತೆಯ ಕೋಣೆಗೆ ಸೊಸೆ ಹೊರಗಿನಿಂದ ಚಿಲಕ ಹಾಕಿ, ಒಲೆಯ ಮುಂದೆ ಕೂತು ಮೆಣಸಿನಕಾಯಿ ಹುರಿಯುತ್ತಾಳೆ. ಅಷ್ಟೇ. ಕಲಬುರಗಿಯ ಹುಡುಗಿ ಓದುತ್ತಿದ್ದಳು. ಚಿಲಕದ ಸಾಲಿಗೆ ಬಂದಾಗ ನನ್ನ ಕೈ ಹಾಳೆಯನ್ನು ತಿರುವಿ ಹಾಕಿತು.

ಅವಳು ಓದು ನಿಲ್ಲಿಸಿದಳು. ಎಲ್ಲರೂ ನನ್ನ ಹಾಳೆ ನೋಡಿದರು, ಆಮೇಲೆ ಕಿಟಕಿ ನೋಡಿದರು. ಯಾರಾದರೂ ಕೇಳಲಿ ಎಂದು ನಾನು ಕಾದೆ. ನಿಯಮ ನಿಯಮವೇ. ಮೇಡಂ ಮೆತ್ತಗೆ ಮುಂದಿನ ವಾರದ ಕಥೆ ಹಂಚಿದರು. ಅವರ ಒಳ್ಳೆಯತನ ಆ ಹೊತ್ತಿಗೆ ನನಗೆ ಬೇಡವಾಗಿತ್ತು.

ಬಸ್ಸಿನಲ್ಲಿ ಆ ಹುಡುಗಿ ನನ್ನ ಪಕ್ಕ ಕೂತಳು. ಇಬ್ಬರೂ ಟಿಕೆಟ್ ತೆಗೆದುಕೊಂಡೆವು. ಅವಳು ಕೇಳದಿದ್ದರೂ ನಾನೇ ಶುರು ಮಾಡಿದೆ.

ಅಮ್ಮ ಹದಿನಾಲ್ಕು ತಿಂಗಳು ಮಲಗಿದಲ್ಲೇ ಇದ್ದರು. ಬೆನ್ನಿನಲ್ಲಿ ಹುಣ್ಣಾಗಿತ್ತು. ದಿನಕ್ಕೆರಡು ಸಲ ಬಿಸಿನೀರಲ್ಲಿ ಒರೆಸಿ ಔಷಧಿ ಹಚ್ಚುತ್ತಿದ್ದೆ, ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅವರೆಕಾಯಿ ಕಾಲದ ಒಂದು ಸಂಜೆ ಹುಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಲು ನನ್ನಿಂದಾಗಲಿಲ್ಲ. ಹೇಸಿಗೆಯಾಯಿತು. ಹೊರಗೆ ಬಂದು ಚಿಲಕ ಹಾಕಿ, ಅಡುಗೆಮನೆಯಲ್ಲಿ ಕೂತು ಕಾಯಿ ಸುಲಿದೆ. ಅಮ್ಮ ಮೂರು ಸಲ ಕರೆದರು. ಮೂರು ಸಲವೂ “ಬಂದೆ” ಅಂದೆ, ಹೋಗಲಿಲ್ಲ. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದೆ: ಸಂಜೆ ಆರು, ಬೆನ್ನು ಒರೆಸಿದೆ. ವಾರಕ್ಕೊಮ್ಮೆ ಬರುತ್ತಿದ್ದ ನರ್ಸ್ ಅದನ್ನು ಓದಿ, ನಿಮ್ಮಂಥ ಮಗಳು ಸಿಗೋದು ಕಷ್ಟ ಅಂದಿದ್ದಳು.

ಹುಡುಗಿ ಅಯ್ಯೋ ಅನ್ನಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ.

“ಮರುದಿನ ಒರೆಸಿದ್ರೇನ್ರೀ ಅಕ್ಕ?” ಎಂದು ಕೇಳಿದಳು.

“ಒರೆಸ್ದೆ. ಬೆಳಗ್ಗೆ ಏಳ್ತಿದ್ದಂಗೇ.”

“ಆಗ ಅವರೇನಂದ್ರು?”

“ನೀರು ತಣ್ಣಗಿದೆ ಅಂದ್ರು.”

“ಅಷ್ಟೇ ಏನ್ರೀ?”

“ಅಷ್ಟೇ ಕಣಮ್ಮ.”

ಹಲಸೂರು ಕೆರೆಯ ಹತ್ತಿರ ಬಸ್ಸು ತುಂಬ ಹೊತ್ತು ನಿಂತಿತು. ಇಳಿಯುವ ಮುನ್ನ ಅವಳು ಬ್ಯಾಗನ್ನು ಎದೆಗೆ ಒತ್ತಿಕೊಂಡು, “ನಂದೂ ಒಂದು ಅದ ರೀ ಅಕ್ಕ. ಇವತ್ತ ಬ್ಯಾಡ,” ಅಂದಳು.

ಇನ್ನೊಂದು ದಿನ ಎಂದು ನಾನೂ ತಲೆಯಾಡಿಸಿದೆ. ಪರೀಕ್ಷೆ ಬಂತು, ಮುಗಿಯಿತು. ಅವಳ ಅಪ್ಪನ ಕೆಲಸ ನಿಂತು ಅವರೆಲ್ಲ ಊರಿಗೆ ಹೊರಟರು. ಅದಕ್ಕೂ ಮೊದಲು ಅದೇ ಬಸ್ಸಿನಲ್ಲಿ ನಾವು ಎಷ್ಟೋ ಸಲ ಪಕ್ಕಪಕ್ಕ ಕೂತಿದ್ದೆವು. ಅವಳದು ಏನೆಂದು ಕೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ನೋಟ್ಸಿನ ಮಾತಾಡಿದೆ.