ಭೀಮನ ಒಲೆ ತೋರಿಸಿದವನು

ಬಲಗೈ ಕಿರುಬೆರಳಿನ ಉಗುರನ್ನು ಉದ್ದ ಬಿಟ್ಟು, ಅದಕ್ಕೆ ಹೆಂಡತಿಯ ಕೆಂಪು ಬಣ್ಣ ಹಚ್ಚಿಕೊಳ್ಳುತ್ತಿದ್ದ ಟೆಂಪೋ ಮಾಲಕ ಅವನು. ಕಾರವಾರದಿಂದ ಕದ್ರಾದವರೆಗೆ ಕಾಳಿ ಕಣಿವೆಯ ಗುಡ್ಡ, ಹಿನ್ನೀರು, ಅಣೆಕಟ್ಟೆ ಎಲ್ಲವನ್ನೂ ಪ್ರವಾಸಿಗರಿಗೆ ತೋರಿಸುವುದು ಆ ಉಗುರಿನಲ್ಲೇ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಅವನ ಗೈಡ್ ಆಗಿದ್ದೆ. ಅಂಕೋಲೆ ಪೇಟೆಯಲ್ಲಿ ಅವ್ವ ಮೀನು ಮಾರಿ ಓದಿಸಿದ ಭೂವಿಜ್ಞಾನದ ಬಿ.ಎಸ್ಸಿ. ನನ್ನದು, ನಮ್ಮ ಕೇರಿಗೇ ಮೊದಲನೆಯದು. ಅವನಿಗೆ ಮಾತ್ರ ನಾನು ‘ಹೋಯ್ ಬಿಎಸ್ಸಿ’.

ಅಣೆಕಟ್ಟೆಯ ಕೆಳಗೆ, ಹೊಳೆಯೊಳಗೆ, ಒಂದು ಚಪ್ಪಟೆ ಬಂಡೆ. ಅದರ ತುಂಬ ಒರಳಿನಂಥ ಗುಂಡಿಗಳು. ಸುಳಿಗೆ ಸಿಕ್ಕ ಕಲ್ಲು ಒಂದೇ ಕಡೆ ತಿರುಗಿ ತಿರುಗಿ ಕೊರೆದದ್ದು, ಸಾವಿರಾರು ವರ್ಷದ ಕೆಲಸ ಎಂದು ನಾನು ವಿವರಿಸುತ್ತಿದ್ದರೆ ಅವನು ನಡುವೆ ಬಾಯಿ ಹಾಕುತ್ತಿದ್ದ.

“ಭೀಮ ಅನ್ನ ಬೇಯಿಸಿದ ಒಲೆ ಇದು. ಬಿಎಸ್ಸಿಯವರಿಗೆ ಅನ್ನ ಮಾಡೂಕೆ ಬರೂದಿಲ್ಲ, ಅದ್ಕೇ ಗೊತ್ತಿಲ್ಲ.”

ಜನ ನಗುತ್ತಿದ್ದರು. ಆಮೇಲೆ ಅದೇ ಬಂಡೆಯ ಮೇಲೆ ಊಟ. ಅಲ್ಲಿ ಉಂಡವರಿಗೆ ಹೊಟ್ಟೆನೋವು ಬಾರದು ಎಂಬುದು ಅವನೇ ಮಾಡಿದ ಶಾಸ್ತ್ರ.

ಒಂದು ಮಧ್ಯಾಹ್ನ ಎಲೆ ಹಾಕಿ ಬಡಿಸಲು ಹೊರಟಾಗ ಸೈರನ್ ಕೂಗಿತು. ನೀರು ಬಿಡುವ ಮೊದಲು ಕೊಡುವ ಎಚ್ಚರಿಕೆ ಅದು. ಎಲ್ಲರೂ ಏಳಿ ಎಂದೆ.

“ಕೂತ್ಕ ಮಾರಾಯ. ಅದು ಡ್ಯಾಮಿನವರ ಊಟದ ಸೈರನ್. ನಮ್ದೂ ಊಟ, ಅವರ್ದೂ ಊಟ.”

ಮತ್ತೆ ನಗು. ಒಬ್ಬರೂ ಏಳಲಿಲ್ಲ. ನನ್ನ ವಿಜ್ಞಾನ ಅವರಿಗೆ ಬೇಡವಾಗಿತ್ತು, ಅನ್ನ ಬೇಕಿತ್ತು. ಅನ್ನದ ಪಾತ್ರೆ ಎತ್ತಿಕೊಂಡು ದಡದ ಕಡೆ ನಡೆದುಬಿಟ್ಟೆ. ಹಸಿದವರು ಬೈಯುತ್ತ ಹಿಂದೆ ಬಂದರು. ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ಜೋರಾಗಿ ಬೈಯುತ್ತ, ಅವನು. ದಡ ಹತ್ತಿ ತಿರುಗಿದರೆ ಎಲೆಗಳು ತೇಲುತ್ತಿದ್ದವು. ಸ್ವಲ್ಪ ಹೊತ್ತಿಗೆ ಬಂಡೆಯೇ ಕಾಣಲಿಲ್ಲ.

ಟೆಂಪೋ ಹೊರಡುವ ಮೊದಲೇ ಅವನ ಕತೆ ಹೊರಟಿತ್ತು: “ನೀರಿನ ವಾಸನೆ ಬಂತು ನಂಗೆ. ಅದ್ಕೇ ಇವನ ಕೈಲಿ ಪಾತ್ರೆ ಎತ್ತಿಸ್ದೆ.” ಕಾರವಾರ ಮುಟ್ಟುವಷ್ಟರಲ್ಲಿ ಅದನ್ನು ಅವನೂ ನಂಬಿದ್ದ.

ಮರುದಿನವೇ ಕೆಲಸ ಬಿಟ್ಟೆ. ಇಂಥವನ ಬಾಯಿಗೆ ಸಿಗುವ ಮೊದಲು ಮಕ್ಕಳು ನನ್ನ ಕೈಗೆ ಸಿಗಬೇಕೆಂಬ ಹಟ ಹುಟ್ಟಿತು, ಬಿ.ಎಡ್. ಮಾಡಿ ಮಾಸ್ತರನಾದೆ. ಅವನ ಋಣ ಅಷ್ಟು, ಇಲ್ಲವೆನ್ನುವುದಿಲ್ಲ.

ಕೆಲವು ವರ್ಷಗಳ ಮೇಲೆ ಅವನು ಕಾಮಾಲೆಯಲ್ಲಿ ಸತ್ತ. ಹನ್ನೆರಡನೆಯ ದಿನದ ಊಟಕ್ಕೆ ಹೋಗಿದ್ದೆ. ಬಡಿಸುತ್ತಿದ್ದ ಮಗಳು ಕೇಳಿದಳು: “ಹೊಳೀಲಿ ನಿಮ್ಮನ್ನೆಲ್ಲ ಅಪ್ಪನೇ ಉಳಿಸಿದ್ದಂತೆ, ಹೌದಾ ಮಾಸ್ತರ್ರೆ?”

ಪಂಕ್ತಿಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಸಾವಿನ ಮನೆಯಾದರೂ ಸುಳ್ಳಿಗೆ ಹೂಂಗುಟ್ಟಲು ಮನಸ್ಸಾಗಲಿಲ್ಲ.

“ಪಾತ್ರೆ ಎತ್ತಿದ್ದು ನಾನು,” ಎಂದೆ.

“ಹೌದೌದು,” ಎಂದಳು ಆಕೆ, ಇನ್ನೊಂದು ಸೌಟು ಹಾಕುತ್ತ, “ನಿಮ್ಮ ಕೈಲೇ ಎತ್ತಿಸ್ದೆ ಅಂತ ಅಪ್ಪ ಹೇಳ್ತಾ ಇದ್ದ.”