ಟೊಮೇಟೊ ಕ್ರೇಟಿನ ಮೇಲೆ ಎರಡು ಮಾವು

ಎಲ್ಲ ರೋಗಕ್ಕೂ ಒಂದೇ ಮದ್ದು ಎನ್ನುವವರನ್ನು ಕಂಡರೆ ನನಗೆ ಆಗದು. ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಮಂಡಿನೋವಿಗೂ ಕೂದಲುದುರುವುದಕ್ಕೂ ಒಂದೇ ಸೀಸೆಯ ಎಣ್ಣೆ ಮಾರುತ್ತಿದ್ದವನ ಜೊತೆ ವಾದಕ್ಕೆ ನಿಂತು, ಗೆದ್ದು, ಕೋಲಾರದ ಬಸ್ಸು ತಪ್ಪಿಸಿಕೊಂಡವನು ನಾನು. ಅಂಥ ನಾನೇ ಕಾಲೇಜಿನ ಲ್ಯಾಬಿನಲ್ಲಿ 'ಎಲ್ಲ ಬೆಳೆಗೂ ಒಂದೇ ಮೆಥಡ್ ಸಾಕು' ಎಂದು ಮೇಜು ಕುಟ್ಟಿದೆನೆಂದರೆ ನೀವು ನಗಬಹುದು. ನಗಿ, ಆಮೇಲೆ ಕೇಳಿ.

ನಾನೂ ಬೈರಕೂರಿನ ಗೆಳೆಯ ಮುನಿರಾಜುವೂ ಸೇರಿ ಬೆಳೆ ವಿಂಗಡಿಸುವ ಪ್ರೋಗ್ರಾಂ ಬರೆಯುತ್ತಿದ್ದೆವು. ಪ್ರೋಗ್ರಾಮಿನಲ್ಲಿ ಕಲೆಕ್ಷನ್ ಎಂದರೆ ನಮ್ಮ ಕ್ರೇಟು ಇದ್ದ ಹಾಗೆ, ಒಂದರೊಳಗೆ ಹಲವು. ಮೆಥಡ್ ಎಂದರೆ ಆ ಕ್ರೇಟನ್ನು ವಿಂಗಡಿಸುವ ಕೆಲಸಗಾರ. ನಮ್ಮ ಮೊದಲ ಕ್ರೇಟು ಇಂಥದ್ದಕ್ಕೇ ಎಂದಿರಲಿಲ್ಲ. ಏನು ಹಾಕಿದರೂ ನುಂಗುತ್ತಿತ್ತು. ಮುನಿರಾಜು ಟೊಮೇಟೊ ತುಂಬಿ, ಕೊನೆಗೆ ಎರಡು ಮಾವಿನಹಣ್ಣನ್ನೂ ಸೇರಿಸಿದ್ದ. ಅವರ ಮನೆಯಲ್ಲಿ ನೆಂಟರಿಗೆ ಕ್ರೇಟು ಕಳಿಸುವುದೇ ಹಾಗೆ. ಮೇಲೆರಡು ಮಾವು ಇಲ್ಲದಿದ್ದರೆ ಮರ್ಯಾದೆಯಲ್ಲ. ಕೆಂಪು ನೋಡಿ ಟೊಮೇಟೊಗಳನ್ನು ಸಾಲು ನಿಲ್ಲಿಸುತ್ತಿದ್ದ ಪ್ರೋಗ್ರಾಂ, ಕೆಂಪಿನ ಲೆಕ್ಕವೇ ಇಲ್ಲದ ಮಾವು ಎದುರಾದೊಡನೆ ನಮ್ಮ ಲ್ಯಾಬಿನ ಮೇಡಂ ಕಣ್ಣೆದುರೇ ಸತ್ತುಬಿತ್ತು.

"ಬೆಳೆಗೊಂದು ಮೆಥಡ್ ಬರ್ಕೊಳ್ಳಿ. ಶುಕ್ರವಾರ ಓಡದಿದ್ರೆ ಪ್ರಾಜೆಕ್ಟ್ ಕ್ಯಾನ್ಸಲ್," ಎಂದರು ಮೇಡಂ.

"ಬರ್ಕೊಂಡ್ಬಿಡಾಣ ಕಣೋ," ಎಂದ ಮುನಿರಾಜು. "ಕಾಪಿ ಹೊಡೆದ್ರೆ ಆಯ್ತಲ್ಲ."

"ನಾಳೆ ರಾಗಿ ಬಂದ್ರೆ? ರೇಷ್ಮೆಗೂಡು ಬಂದ್ರೆ? ಎಷ್ಟು ಸಲ ಹೊಡೀತೀಯ್ಲಾ?" ಎಂದೆ ನಾನು.

ಚರ್ಚಾಸ್ಪರ್ಧೆಯ ಅಧ್ಯಕ್ಷರಿಗೆ ವಿಷಯ ಯಾವುದಾದರೇನು? ವಿಷಯ ಮೊದಲೇ ಘೋಷಣೆಯಾಗಿರಬೇಕು, ಮಾತಾಡುವವರು ಅದರಾಚೆ ಹೋಗಬಾರದು, ಅಷ್ಟೇ. ಯಾವ ಬಗೆಗೂ ಒಗ್ಗುವ ಜೆನೆರಿಕ್ ಮೆಥಡ್ ಕೂಡ ಅಂಥ ಅಧ್ಯಕ್ಷರೇ. 'ಈ ಕ್ರೇಟು ಯಾವುದರದ್ದು ಎಂದು ಮೊದಲೇ ಹೇಳಿಬಿಡಿ. ಎರಡರಲ್ಲಿ ಯಾವುದು ಮೇಲು ಎಂಬುದನ್ನು ಆ ಬೆಳೆಯೇ ಹೇಳಲಿ. ಸಾಲು ನಿಲ್ಲಿಸುವ ಕೆಲಸ ಮಾತ್ರ ನನ್ನದು' ಎನ್ನುತ್ತದೆ. ಎಣ್ಣೆ ಮಾರುವವನು ರೋಗ ಯಾವುದೆಂದು ಕೇಳುವುದೇ ಇಲ್ಲ. ಇದು ಕೇಳದೆ ಮುಟ್ಟುವುದೇ ಇಲ್ಲ.

ಅಂಥ ಮೆಥಡ್ ಒಂದನ್ನು ಬರೆದು, ಇದನ್ನೇ ಶುಕ್ರವಾರ ಮೇಡಂ ಮುಂದೆ ವಾದಿಸಿದೆ.

"ಸರಿ, ರೇಷ್ಮೆಗೂಡು ಹಾಕು ನೋಡಾಣ. ಈಗ್ಲೇ," ಎಂದರು.

ಗೂಡು ಎಂಬ ಹೊಸ ಬಗೆಯೊಂದನ್ನು ಬರೆದು, ಎರಡರಲ್ಲಿ ತೂಕದ್ದೇ ಮೇಲು ಎಂದು ಅದಕ್ಕೆ ಕಲಿಸಿದೆ. ಮೆಥಡ್ಡಿನ ಒಂದಕ್ಷರ ಮುಟ್ಟಲಿಲ್ಲ. ಗೂಡುಗಳು ಶಿಸ್ತಾಗಿ ಸಾಲು ನಿಂತವು! ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಟೊಮೇಟೊ ಕ್ರೇಟಿಗೆ ಮಾವು ಹಾಕಿಸಿದರು. ಪ್ರೋಗ್ರಾಂ ಓಡುವುದಿರಲಿ, ಬರೆಯುತ್ತಿದ್ದ ಹಾಗೆಯೇ ತಪ್ಪೆಂದು ಕೆಳಗೆ ಕೆಂಪು ಗೆರೆ ಬಿತ್ತು.

"ಒಳಗೇ ಬಿಡ್ತಿಲ್ವಲ್ಲೋ!" ಎಂದ ಮುನಿರಾಜು. "ಮಾವಿಲ್ದ ಕ್ರೇಟು ಕಂಡ್ರೆ ನಮ್ಮತ್ತೆ ಏನಂದ್ಕೊಂತಾಳೆ?"

ಮೇಡಂ ನಕ್ಕುಬಿಟ್ಟರು. "ವಾದ ಮಾಡ್ತೀಯ ಅಂತ ಗೊತ್ತಿತ್ತು, ಗೆಲ್ತೀಯ ಅಂತ ಗೊತ್ತಿರ್ಲಿಲ್ಲ. ಪ್ರಾಜೆಕ್ಟ್ ಪಾಸ್, ಹೋಗಿ." ಕಾರಿಡಾರಿನಲ್ಲಿ ನಾನು ಕುಣಿದದ್ದನ್ನು ಕಂಡವರಿದ್ದಾರೆ, ಅಲ್ಲಗಳೆಯುವುದಿಲ್ಲ.

ಮರುದಿನ ಬೈರಕೂರಿನಿಂದ ಮುನಿರಾಜುವಿನ ಮನೆಯವರು, ಗೆದ್ದ ಸಂತೋಷಕ್ಕೆಂದು, ಬಸ್ಸಿನಲ್ಲಿ ನನಗೊಂದು ಕ್ರೇಟು ಕಳಿಸಿದರು. ತುಂಬ ಟೊಮೇಟೊ, ಮೇಲೆ ಎರಡು ಮಾವು. ನನ್ನದೇ ನಿಯಮದ ಪ್ರಕಾರ ಅದನ್ನು ಒಳಗೆ ಬಿಡುವಂತಿಲ್ಲ. ಆದರೆ ಎದುರುಪಕ್ಷದ ಸಾಕ್ಷ್ಯವನ್ನು ನೋಡದೆ ತಳ್ಳಿಹಾಕುವವನು ವಾದಿಯೇ ಅಲ್ಲ. ಹೊಸ್ತಿಲ ಮೇಲೇ ಕೂತು ಎರಡನ್ನೂ, ವಾಟೆ ಬೆಳ್ಳಗಾಗುವ ತನಕ ಚೀಪಿ, ಕೂಲಂಕಷವಾಗಿ ಪರಿಶೀಲಿಸಿದೆ.

ಈಗ ಕ್ರೇಟಿನಲ್ಲಿ ಬರೀ ಟೊಮೇಟೊ ಉಳಿದಿತ್ತು. ಒಳಗೆ ಬಿಟ್ಟೆ.