ಜಂಬಯ್ಯನ ಸೈಕಲ್ಲಿನ ಇಂಜಿನ್

ದಿನಾ ಬೆಳಿಗ್ಗೆ ಎಂಟಕ್ಕೆ ಹರಿಹರ-ದಾವಣಗೆರೆ ರಸ್ತೆಯ ಬಾತಿಯಲ್ಲಿ ನಮ್ಮ ಮನೆ ಮುಂದೆ ಒಂದು ಸೈಕಲ್ ಗುರ್ರೆಂದು ಹಾದುಹೋಗುತ್ತದೆ. ಮೇಲೆ ಕೂತವನು ಹರಿಹರದ ಜಂಬಯ್ಯ. ಮೂವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು ಅವನ ಬಲ ಮೊಣಕಾಲು ಸವೆದಿದೆ, ಪೆಡಲ್ ತುಳಿಯಲಾಗದು. ಆದರೂ ದಾವಣಗೆರೆಯ ಲೇತ್ ಅಂಗಡಿಗೆ ಹೋಗಲೇಬೇಕು, ಅದೇ ಅವನ ಅನ್ನ. ಅದಕ್ಕೆಂದೇ ಹಿಂದಿನ ಚಕ್ರದ ಮೇಲೆ ಪುಟ್ಟ ಪೆಟ್ರೋಲ್ ಇಂಜಿನ್ ಕೂರಿಸಿದ್ದಾನೆ. ತಾನೇ ಕಡೆದ ಕಬ್ಬಿಣದ ರೋಲರ್ ಟೈರಿಗೆ ಒತ್ತಿ ತಿರುಗಿದರೆ ಚಕ್ರ ಓಡುತ್ತದೆ. ಚೈನಿನ ಹಂಗೇ ಇಲ್ಲ.

ಊರವರೆಲ್ಲ ಭೇಷ್ ಅಂದರು. ನನಗೆ ಮಾತ್ರ ಅನುಮಾನ. ಬೆಳೆಗೆ ಔಷಧಿ ಹೊಡೆಯುವ ನನ್ನ ಮಷಿನ್ ದಸರೆ ಹೊತ್ತಿಗೆ ಕಾಣೆಯಾಗಿತ್ತು. ಅದರ ಇಂಜಿನ್ನೂ ಇಷ್ಟೇ ಗಾತ್ರ. ಜಂಬಯ್ಯ ಹಾದುಹೋಗುತ್ತಾ ನಕ್ಕು "ಆರಾಮೇನ್ರಿ ಎರ್ರಿಸ್ವಾಮಣ್ಣ?" ಅಂದಾಗಲೆಲ್ಲ, ಇವನಿಗ್ಯಾಕೆ ಇಷ್ಟು ನಗು ಅನ್ನಿಸುತ್ತಿತ್ತು.

ಒಂದು ದಿನ ರೋಲರ್ ಬಿಗಿ ಮಾಡಲು ನಮ್ಮ ಕಟ್ಟೆ ಹತ್ತಿರವೇ ನಿಂತ. ಬಗ್ಗಿ ನೋಡಿದೆ. ಇಂಜಿನ್ನಿನ ಅಡಿಯಲ್ಲಿ ನಾನೇ ಕೆಂಪು ಬಣ್ಣದಲ್ಲಿ ಬರೆದ ನನ್ನ ಹೆಸರಿನ ಮೊದಲಕ್ಷರ!

"ಎಲ್ಲಿ ಸಿಕ್ತೋ ಇದು?"

"ಗುಜರಿ ಅಂಗಡ್ಯಾಗ ತಗಂಡೆ ಅಣ್ಣ. ಕೆಟ್ಟು ಬಿದ್ದಿತ್ತು, ರಿಪೇರಿ ಮಾಡ್ಕಂಡೆ."

"ಕಳ್ಳರೆಲ್ಲ ಹಿಂಗೇ ಹೇಳೋದು!"

ಓಣಿಯವರೆಲ್ಲ ಬಂದು ನಿಂತರು. ಜಂಬಯ್ಯ ಸ್ಪ್ಯಾನರ್ ತೆಗೆದು ನಾಲ್ಕು ಬೋಲ್ಟ್ ಬಿಚ್ಚಿ ಇಂಜಿನ್ನನ್ನು ಕಟ್ಟೆ ಮೇಲಿಟ್ಟ.

"ನಿಮ್ದಾದ್ರೆ ಇಟ್ಕಳ್ರಿ. ಕಳ್ಳ ಅನ್ಬ್ಯಾಡ್ರಿ."

ಕುಂಟುತ್ತಾ ಸೈಕಲ್ ತಳ್ಳಿಕೊಂಡು ಹೋದ. ನಾನು ಗೆದ್ದವನಂತೆ ಇಂಜಿನ್ ಎತ್ತಿಕೊಂಡು ಒಳಗೆ ಬಂದೆ.

"ಅಯ್ಯ, ಈ ಕೆಟ್ಟಿದ್ದನ್ನ ಮತ್ತ್ಯಾಕ ತಂದ್ರಿ?" ಅಂದಳು ನನ್ನ ಹೆಂಡತಿ ದುರುಗವ್ವ.

ಆಯುಧ ಪೂಜೆಗೆ ಮುಂಚೆ ಕೆಟ್ಟ ಸಾಮಾನನ್ನೆಲ್ಲ ಮನೆಯಿಂದ ಹೊರಹಾಕುವುದು ನಮ್ಮಲ್ಲಿ ಪದ್ಧತಿ. ಮಷಿನ್ನನ್ನು ಗುಜರಿಯವನಿಗೆ ಕೊಟ್ಟು ಅವಳು ನೀಲಿ ಬಕೆಟ್ ತೆಗೆದುಕೊಂಡಿದ್ದಳು.

"ಕೆಟ್ಟೈತೆ, ಏನಾರ ಮಾಡ್ಕ ಅಂತ ನೀವೇ ಅಂದ್ರಲ್ಲ?"

ಅಂದಿದ್ದೆ, ಮರೆತೇಬಿಟ್ಟಿದ್ದೆ. ಅದೇ ಬಕೆಟ್ಟಿನಲ್ಲಿ ದಿನಾ ಸ್ನಾನವನ್ನೂ ಮಾಡುತ್ತಿದ್ದೆ.

ಸಂಜೆ ಹರಿಹರಕ್ಕೆ ಇಂಜಿನ್ ಒಯ್ದೆ. ಜಂಬಯ್ಯ ಊದಿದ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದ.

"ತಪ್ಪಾತು ಜಂಬಯ್ಯ, ತಗಳಪ್ಪ," ಅಂದೆ.

ಮುಟ್ಟಲಿಲ್ಲ. "ಮೊದ್ಲು ಇದು ಜಂಬಯ್ಯಂದು ಅಂತ ಬರ್ದು ಸಹಿ ಹಾಕ್ರಿ. ನಾಳೆ ಇನ್ನೊಬ್ರು ನಿಲ್ಲಿಸಿ ಕೇಳ್ತಾರ."

ಬರೆದುಕೊಟ್ಟೆ. ಅದನ್ನು ಲ್ಯಾಮಿನೇಷನ್ ಮಾಡಿಸಿ ಹ್ಯಾಂಡಲ್ಲಿಗೆ ಕಟ್ಟಿಕೊಂಡಿದ್ದಾನೆ. ಈಗಲೂ ಎಂಟಕ್ಕೆ ಸರಿಯಾಗಿ ಹಾದುಹೋಗುತ್ತಾನೆ, ಆರಾಮೇನ್ರಿ ಎಂದು ಕೇಳುವುದಿಲ್ಲ. ದೂರದಲ್ಲಿ ಸದ್ದು ಕೇಳಿದ ಕೂಡಲೇ ನಾನು ಕಟ್ಟೆಯಿಂದೆದ್ದು ಒಳಗೆ ಹೋಗುತ್ತೇನೆ.